ತಾಳಕ್ಕೊಂದು ಸಾಲು, ಹಾಡಿಗೊಂದು ಸಾಲು

ರಾಯಚೂರಿನ ನಮ್ಮ ಓಣಿಯ ಭಜನಾ ಮಂಡಳಿಯ ತತ್ವಪದಗಳನ್ನು ಒಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ಮೊಬೈಲು ಇಟ್ಟಿದ್ದು ತಾಳ ಹಾಕುವವರ ಪಕ್ಕದಲ್ಲಿ. ಮನೆಗೆ ಬಂದು ಕೇಳಿದರೆ ಬರೀ ಝಣಝಣ. ತಾಳ ಒಂದನ್ನೇ ತಗ್ಗಿಸೋಣ ಅಂದರೆ ಆಗಲಿಲ್ಲ. ಎಲ್ಲವೂ ಒಂದರಲ್ಲೇ ಕಲಸಿಹೋಗಿತ್ತು.

ಟ್ರ್ಯಾಕ್ ಬೇಕಾಗುವುದು ಇದಕ್ಕೇ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಒಂದರ ಕೆಳಗೊಂದು ಕಾಣುವ ಅಡ್ಡ ಸಾಲುಗಳೇ ಟ್ರ್ಯಾಕ್. ಹಾರ್ಮೋನಿಯಂ ಒಂದರಲ್ಲಿ, ಹಾಡು ಇನ್ನೊಂದರಲ್ಲಿ, ತಾಳ ಮತ್ತೊಂದರಲ್ಲಿ. ಕೇಳುವಾಗ ಒಟ್ಟಿಗೆ, ತಿದ್ದುವಾಗ ಬೇರೆ ಬೇರೆ.

ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದರಲ್ಲೇ ಶುರು ಮಾಡಿ. ಮೊದಲು ಹಾರ್ಮೋನಿಯಂ. ಮೈಕ್ ಒಂದೇ ಇದ್ದರೆ ಮೋನೊ, ಅಂದರೆ ಒಂದೇ ದನಿಯ ಸಾಲು, ಸಾಕು. ಎಡಕ್ಕೊಂದು ಬಲಕ್ಕೊಂದು ದನಿಯಿರುವ ಸ್ಟೀರಿಯೊ ಸುಮ್ನೆ ಫೈಲನ್ನು ದೊಡ್ಡದು ಮಾಡುತ್ತದೆ. ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್‌ವರೆಗೆ ಏರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಫ್ಯಾನ್ ಮಾತ್ರ ಆರಿಸಲೇಬೇಕು. ನಮ್ಮೂರ ಮೇ ತಿಂಗಳಲ್ಲಿ ಇದು ಶಿಕ್ಷೆಯೇ! ನಾನು ಬೆಳಗಿನ 5 ಗಂಟೆಗೇ ಕೂತುಬಿಡುತ್ತೇನೆ. ನುಡಿಸುವ ಮುಂಚೆ ಒಂದೇ ಲಯದಲ್ಲಿ ನಾಲ್ಕು ಚಪ್ಪಾಳೆ ತಟ್ಟಿಸಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಈಗ ಹಾಡು. ಹೊಸಬರು ಎಡವುವುದು ಇಲ್ಲೇ. ಕೀಬೋರ್ಡಿನಲ್ಲಿ ಬರೀ ಆರ್ (R) ಒತ್ತಿದರೆ ಹಳೆಯ ಸಾಲಿನ ಕೊನೆಗೇ ಹಾಡು ಅಂಟಿಕೊಳ್ಳುತ್ತದೆ. ಕರ್ಸರನ್ನು ಮೊದಲಿಗೆ ತಂದು, ಶಿಫ್ಟ್ ಹಿಡಿದು ಆರ್ ಒತ್ತಿ. ಹೊಸ ಸಾಲು ತೆರೆಯುತ್ತದೆ. ಹಾರ್ಮೋನಿಯಂ ಹೆಡ್‌ಫೋನಿನಲ್ಲಿ ಕೇಳುತ್ತಾ ಹಾಡಬೇಕು. ಸ್ಪೀಕರಿನಲ್ಲಿ ಬಿಟ್ಟರೆ ಅದೂ ಮೈಕಿಗೆ ನುಗ್ಗಿ, ಮತ್ತೆ ಮೊಬೈಲಿನ ಕಥೆಯೇ. ನಾಲ್ಕನೇ ಚಪ್ಪಾಳೆಗೆ ಹಾಡುವವರೂ ಒಂದು ಚಪ್ಪಾಳೆ ತಟ್ಟಲಿ.

ಆಮೇಲೆ ಕೇಳಿದಾಗ ಹಾಡು ಚೂರು ಹಿಂದೆ ಬಿದ್ದಿದ್ದರೆ ಹಾಡಿದವರನ್ನು ಬೈಯಬೇಡಿ. ದನಿ ಕಂಪ್ಯೂಟರಿನ ಒಳಗೆ ಹೋಗಿ ಬರಲು ಹಿಡಿಯುವ ಸಮಯ ಅದು, ಲೇಟೆನ್ಸಿ ಅನ್ನುತ್ತಾರೆ. ಚಪ್ಪಾಳೆ ತೆರೆಯ ಮೇಲೆ ಚೂಪು ಮೊನೆಯಂತೆ ಕಾಣುತ್ತದೆ ಅಲ್ವಾ? ಎರಡೂ ಸಾಲಿನ ಆ ಮೊನೆಗಳು ನೇರಕ್ಕೆ ಬರುವವರೆಗೆ ಹಾರ್ಮೋನಿಯಂ ತುಣುಕನ್ನು ಬಲಕ್ಕೆ ಎಳೆಯಿರಿ. ಕೊನೆಗೆ ಚಪ್ಪಾಳೆ ಕತ್ತರಿಸಿದರಾಯಿತು.

ತಾಳವನ್ನೂ ಹೀಗೇ, ಆದರೆ ಮೈಕಿನಿಂದ ಮೂರ್ನಾಲ್ಕು ಅಡಿ ದೂರ ಕೂರಿಸಿ. ಪ್ರತಿ ಸಾಲಿನ ಎಡಕ್ಕೆ ಮ್ಯೂಟ್, ಸೋಲೊ ಇರುತ್ತವೆ. ಮೊದಲನೆಯದು ಆ ಸಾಲನ್ನು ಸುಮ್ಮನಾಗಿಸುತ್ತದೆ, ಎರಡನೆಯದು ಅದೊಂದನ್ನೇ ಕೇಳಿಸುತ್ತದೆ. ನಾನು ಹಾಡನ್ನು ಹದಕ್ಕೆ ತಂದು, ಉಳಿದವನ್ನು ಒಂದೊಂದಾಗಿ ಅದರ ಕೆಳಗೆ ಸೇರಿಸುತ್ತೇನೆ.

ಎಂಪಿ3 ಮಾಡಿದಾಗ ಸಾಲುಗಳೆಲ್ಲ ಒಂದಾಗುತ್ತವೆ. ಹಾಗಂತ ಸಾಲುಗಳು ಬೇರೆ ಬೇರೆಯಾಗೇ ಇರುವ ಪ್ರಾಜೆಕ್ಟ್ ಫೈಲನ್ನು ಅಳಿಸಬೇಡಿ. ತಾಳದವರು ನಾಳೆ ಬಂದು, "ನಮ್ಮ ತಾಳನ ಕೇಳ್ಸವಲ್ದಲ್ರೀ" ಅಂದಾರು.