ರೆಕಾರ್ಡಿಂಗ್ ಹಂಚುವಾಗ ನಿಮಿಷವನ್ನೂ ಬರೆಯಿರಿ

ಒಂದು ಗಂಟೆಯ ರಾಗ ಹಾಕಿ ‘ಅದ್ಭುತ!’ ಅಂತಷ್ಟೇ ಬರೆದರೆ ಕೇಳುವವರಿಗೆ ಏನೂ ಸಿಗುವುದಿಲ್ಲ. ‘12ನೇ ನಿಮಿಷದಲ್ಲಿ ತಾರ ಷಡ್ಜ (ಮೇಲಿನ ಸ) ಮುಟ್ಟುವ ಮುಂಚೆ ನಿಷಾದದಲ್ಲೇ (ನಿ) ಎಷ್ಟು ಹೊತ್ತು ಕಾಯಿಸ್ತಾರೆ, ಕೇಳಿ’ ಅನ್ನಿ. ರಾಗ ಗೊತ್ತಿಲ್ಲದವರೂ ಅಲ್ಲಿಗೆ ಹೋಗಿ ಕಿವಿ ಕೊಡ್ತಾರೆ. ಸ್ವರ ಗುರುತಿಸಲು ಬಾರದಿದ್ದರೆ ‘ಹಾಡು ನಿಲ್ಲಿಸಿ ಸಾರಂಗಿಗೆ ಬಿಟ್ಟುಕೊಡುವ ಜಾಗ’ ಅಂದರೂ ಸಾಕು.

ಕಾಲವನ್ನಂತೂ ತಪ್ಪದೇ ಹಾಕಿ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ. ನಮಗೆಲ್ಲ ಪರಿಚಿತವಾದ ಆ ಗಡಸು ದನಿ ಬಂದದ್ದು ಗಂಟಲಿನ ಚಿಕಿತ್ಸೆಯ ನಂತರ. ಯಾವ ಕಾಲದ್ದೆಂದು ಹೇಳದೆ ‘ಅವರ ದನಿ’ ಅಂತ ಚರ್ಚೆಗಿಳಿದರೆ ಇಬ್ಬರು ಬೇರೆ ಬೇರೆ ಗಾಯಕಿಯರ ಬಗ್ಗೆ ವಾದ ಮಾಡಿದ ಹಾಗೆ.

ಇನ್ನು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ಗ್ರಾಮಫೋನ್ ತಟ್ಟೆ ಅಂದರೆ ಒಂದು ಬದಿಗೆ 3 ನಿಮಿಷ ಚಿಲ್ಲರೆ ಅಷ್ಟೇ. ‘ವಿಸ್ತಾರ ಸಾಲದು’ ಅಂತ ಅದನ್ನು ದೂರುವುದು (ನಮ್ಮಲ್ಲಿ ಇದು ಆಗಾಗ ನಡೆಯುತ್ತೆ) ಅನ್ಯಾಯ. ಇಂಥ ತಟ್ಟೆಗಳನ್ನು ಡಿಜಿಟಲ್‌ಗೆ ಇಳಿಸುವಾಗ ವೇಗ ಏರುಪೇರಾದರೆ ಶ್ರುತಿಯೂ ಜರುಗುತ್ತೆ. ಹಾಗಾಗಿ ‘ಎಂಥಾ ಮೇಲಿನ ಶ್ರುತಿ!’ ಅನ್ನುವ ಮೊದಲು ಅದೇ ತಟ್ಟೆಯ ಇನ್ನೊಂದು ಪ್ರತಿ ಸಿಕ್ಕರೆ ತಾಳೆ ನೋಡಿ.