ಹೇಝಲ್ ಚಂಡಮಾರುತವನ್ನು ಟೊರಾಂಟೊದ ನದಿಕೊಳ್ಳಗಳಲ್ಲಿ ಓದುವ ಬಗೆ

ಟೊರಾಂಟೊದ ಹಂಬರ್ ನದಿಯ ಎರಡೂ ದಂಡೆಗಳಲ್ಲಿ ಬಹುದೂರದವರೆಗೆ ಹುಲ್ಲು, ಮರ, ಸೈಕಲ್ ದಾರಿ ಕಾಣುತ್ತವೆ. ಮನೆಗಳೆಲ್ಲ ಮೇಲಿನ ದಿಣ್ಣೆಯಲ್ಲಿವೆ. ಅಂಗೈಯಗಲ ನೆಲಕ್ಕೂ ಲಕ್ಷಗಟ್ಟಲೆ ಬೆಲೆಯಿರುವ ಈ ಊರಿನಲ್ಲಿ ನದಿಯಂಚಿನ ಇಷ್ಟು ಜಾಗ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆ ಎಂದು ಕರ್ನಾಟಕದಿಂದ ಬರುವ ನೆಂಟರು ಕೇಳುತ್ತಾರೆ. ಅದು ಉಳಿದ ಜಾಗವಲ್ಲ, ಉಳಿಸಿದ ಜಾಗ. 1954ರ ಅಕ್ಟೋಬರ್ 15ರ ಶುಕ್ರವಾರ ರಾತ್ರಿ ಹೇಝಲ್ ಚಂಡಮಾರುತದ ಮಳೆಗೆ ಇಲ್ಲಿನ ಹೊಳೆಗಳು ಉಕ್ಕಿ, ಕೆನಡಾದಲ್ಲಿ 81 ಮಂದಿ ಸತ್ತರು. ಈಗ ಮಕ್ಕಳು ಚೆಂಡಾಡುವ ಹುಲ್ಲುಗಾವಲುಗಳಲ್ಲಿ ಕೆಲವು ಅಂದು ಜನವಸತಿಯ ಬೀದಿಗಳಾಗಿದ್ದವು.

ನಾನು ಕರ್ನಾಟಕದಲ್ಲಿ ನೀರಾವರಿ ಎಂಜಿನಿಯರ್ ಆಗಿದ್ದವನು. ಕೆರೆಯ ಏರಿ, ತೂಬು, ಕೋಡಿಗಳನ್ನು ನೋಡುತ್ತಲೇ ವಯಸ್ಸಾಯಿತು. ನಿವೃತ್ತಿಯ ಬಳಿಕ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿಗೆ ಬರುವ ನಮ್ಮವರಿಗೆ ಈ ಚಂಡಮಾರುತವನ್ನು ತೋರಿಸುವುದು ನನಗೆ ಇಷ್ಟದ ಕೆಲಸ. ನಾನು ಜೊತೆಗಿಲ್ಲದಿದ್ದರೂ ನೀವೇ ಹೋಗಿ ಓದಿಕೊಳ್ಳುವಂತೆ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಒಂದು ಸಂಜೆ ಮನೆಯಲ್ಲಿ ನಕ್ಷೆ ಹರಡಿಕೊಂಡು ಕುಳಿತುಕೊಳ್ಳಿ. ಕೆರಿಬಿಯನ್ ಸಮುದ್ರದಿಂದ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದವರೆಗೆ ಕಾಣುವ ನಕ್ಷೆ ಬೇಕು. ಅಕ್ಟೋಬರ್ 5ರಂದು ಗ್ರೆನಡಾ ದ್ವೀಪದ ಬಳಿ ಮೊದಲ ಗುರುತು ಹಾಕಿ. ಚಂಡಮಾರುತ ಪಶ್ಚಿಮಕ್ಕೆ ಸಾಗಿ, ಆಮೇಲೆ ಉತ್ತರಕ್ಕೆ ಹೊರಳಿ 12ರಂದು ಹೈಟಿ ದೇಶವನ್ನು ಹೊಡೆಯಿತು. ಬಹಾಮಾ ದಾಟಿ 15ರ ಬೆಳಿಗ್ಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿ ದಡಕ್ಕೆ ಅಪ್ಪಳಿಸಿತು. ಅದೇ ರಾತ್ರಿ ಟೊರಾಂಟೊದಲ್ಲಿತ್ತು. ಬೆಳಿಗ್ಗೆ ಅಟ್ಲಾಂಟಿಕ್ ದಂಡೆ, ರಾತ್ರಿ ಸುಮಾರು ಸಾವಿರ ಕಿಲೋಮೀಟರ್ ಒಳನಾಡು! ಈ ವೇಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಇಲ್ಲಿ ನನ್ನದೊಂದು ಹಟವಿದೆ. ಟೊರಾಂಟೊದವರು ಹೇಝಲ್ ಕಥೆಯನ್ನು ಟೊರಾಂಟೊದಿಂದಲೇ ಆರಂಭಿಸುತ್ತಾರೆ. ನೀವು ಹಾಗೆ ಮಾಡಬೇಡಿ, ಹೈಟಿಯಿಂದ ಆರಂಭಿಸಿ. ಅಲ್ಲಿ ಕಡಿಮೆಯೆಂದರೂ 400 ಮಂದಿ ಸತ್ತರು, ಸಾವಿರದವರೆಗೂ ಹೇಳುವವರಿದ್ದಾರೆ. ಗುಡ್ಡಗಳು ಕುಸಿದು ಊರುಗಳ ಮೇಲೆ ಬಿದ್ದವು. ಕಾಫಿ ಮತ್ತು ಕೋಕೋ ತೋಟಗಳು ನೆಲಕಚ್ಚಿದವು. ನಮ್ಮ ಮಲೆನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಫಿ ಗಿಡ ಹೋದರೆ ಹೊಸ ಗಿಡ ಫಲ ಕೊಡುವವರೆಗೆ ವರ್ಷಗಟ್ಟಲೆ ಮನೆಯ ಆದಾಯವೇ ಇಲ್ಲ. ಸಂತ್ರಸ್ತರಿಗೆ ಬಂದ ಪರಿಹಾರದ ಹಣ ದುರುಪಯೋಗವಾಯಿತೆಂಬ ಸಿಟ್ಟು ಅಧ್ಯಕ್ಷ ಪಾಲ್ ಮಾಗ್ಲ್ವಾರ್ ಮೇಲಿನ ಜನರ ನಂಬಿಕೆಯನ್ನು ಕೆಡಿಸಿತು. 1956ರ ಡಿಸೆಂಬರ್‌ನಲ್ಲಿ ಅವರು ದೇಶ ಬಿಟ್ಟು ಹೋಗಬೇಕಾಯಿತು. ಹೈಟಿ, ಅಮೆರಿಕ, ಕೆನಡಾಗಳ ಸಾವಿನ ಲೆಕ್ಕವನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ. ಅಮೆರಿಕದ್ದು 95. ಒಂದೇ ಮೊತ್ತ ಮಾಡಿದರೆ ಹೈಟಿಯ ಪಾಲು ಎಷ್ಟು ದೊಡ್ಡದು ಎಂಬುದು ಮರೆಯಾಗಿಬಿಡುತ್ತದೆ.

ಕ್ಯಾರೊಲಿನಾದ ಭಾಗವನ್ನು ಬೇಗ ಮುಗಿಸಬಹುದು, ಆದರೆ ಎರಡು ಸಂಗತಿಗಳನ್ನು ಗಮನಿಸಿ. ಹುಣ್ಣಿಮೆಯ ದೊಡ್ಡ ಉಬ್ಬರದ ಹೊತ್ತಿಗೇ ಚಂಡಮಾರುತ ಬಂದದ್ದರಿಂದ ಕ್ಯಾಲಬಾಷ್ ಎಂಬಲ್ಲಿ ಕಡಲು ಸುಮಾರು 18 ಅಡಿ ಏರಿತು. ಹತ್ತಿರದ ಲಾಂಗ್ ಬೀಚ್ ಊರಿನಲ್ಲಿದ್ದ 357 ಕಟ್ಟಡಗಳಲ್ಲಿ 352 ನಾಶವಾದವು. ಎರಡನೆಯದು, ಹೇಝಲ್ ‘ನಾಲ್ಕನೇ ದರ್ಜೆ’ಯದು ಎಂದು ಎಲ್ಲ ಕಡೆ ಓದುತ್ತೀರಿ. ಗಾಳಿಯ ವೇಗ ನೋಡಿ ಚಂಡಮಾರುತಗಳಿಗೆ ಕೊಡುವ ಆ ದರ್ಜೆಯ ಪಟ್ಟಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಅಂದಿನ ಜನಕ್ಕೆ ದರ್ಜೆಯ ಮಾತೇ ತಿಳಿದಿರಲಿಲ್ಲ. ಹಳೆಯ ಪತ್ರಿಕೆಗಳಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಈಗ ಟೊರಾಂಟೊ. ಒಳನಾಡಿಗೆ ಬರುತ್ತಾ ಹೇಝಲ್ ಉತ್ತರದಿಂದ ಬಂದ ತಂಪುಗಾಳಿಯ ಮೈಗೆ ತಾಗಿ ತನ್ನ ಉಷ್ಣವಲಯದ ಸ್ವಭಾವವನ್ನು ಕಳೆದುಕೊಂಡಿತ್ತು. ಆದ್ದರಿಂದ ಇಲ್ಲಿ ಗಾಳಿಗಿಂತ ಮಳೆಯನ್ನು ಹಿಂಬಾಲಿಸಿ. ಅಕ್ಟೋಬರ್ ಮೊದಲ ವಾರಗಳಲ್ಲೇ ಸಾಕಷ್ಟು ಮಳೆಯಾಗಿತ್ತು. ನೆಲ ತುಂಬಿ ಕೋಡಿ ಬೀಳಲು ಕಾದಿರುವ ಕೆರೆಯಂತಿತ್ತು. ಅದರ ಮೇಲೆ ಬಿದ್ದ ನೀರು ಇಂಗದೆ ನೇರ ಹೊಳೆಗೆ ಓಡಿತು. ಒಂಟಾರಿಯೊದ ಎಂಜಿನಿಯರುಗಳು ಇಂದಿಗೂ ಹೇಝಲ್ ಮಳೆಯನ್ನು ಅಳತೆಗೋಲಾಗಿ ಬಳಸುತ್ತಾರೆ: 48 ಗಂಟೆಗಳಲ್ಲಿ 285 ಮಿಲಿಮೀಟರ್. ಅದರಲ್ಲಿ 210ಕ್ಕೂ ಹೆಚ್ಚು ಮಿಲಿಮೀಟರ್ ಕೊನೆಯ 12 ಗಂಟೆಗಳದು. ಆಗುಂಬೆಯವರು ಇದನ್ನು ಕೇಳಿ ಇಷ್ಟೇನಾ ಎನ್ನಬಹುದು. ಆಗುಂಬೆಯ ಹಳ್ಳಗಳು ಅಂಥ ಮಳೆಗೆ ಶತಮಾನಗಳಿಂದ ದಾರಿ ಕಡೆದುಕೊಂಡಿವೆ. ಇಲ್ಲಿನ ಹೊಳೆಗಳು ಕಡೆದುಕೊಂಡಿರಲಿಲ್ಲ. ಮಳೆಯ ಅಂಕಿಯನ್ನು ಬೇರೊಂದು ಊರಿನ ಮಳೆಯ ಜೊತೆ ಹೋಲಿಸಬೇಡಿ. ಅದೇ ಊರಿನ ಹೊಳೆಯ ಪಾತ್ರದ ಜೊತೆ ಹೋಲಿಸಿ.

ಕೊಳ್ಳಕ್ಕೆ ಇಳಿಯಲು ಒಳ್ಳೆಯ ಕಾಲ ಅಕ್ಟೋಬರ್ ತಿಂಗಳೇ. ಎಲೆ ಉದುರತೊಡಗಿದಂತೆ ಕೊಳ್ಳದ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಹಿಡಿತವಿರುವ ಬೂಟು ಹಾಕಿಕೊಳ್ಳಿ. ಮಳೆ ಬರುತ್ತಿರುವಾಗ ಮಾತ್ರ ಇಳಿಯಬೇಡಿ. ಈ ಹೊಳೆಗಳು ಈಗಲೂ ಬೇಗ ಏರುತ್ತವೆ.

ವೆಸ್ಟನ್ ರೈಲು ನಿಲ್ದಾಣದಲ್ಲಿ ಇಳಿದು ಲಾರೆನ್ಸ್ ಅವೆನ್ಯೂ ಹಿಡಿದು ಪಶ್ಚಿಮಕ್ಕೆ ನಡೆದರೆ ಹಂಬರ್ ಸೇತುವೆ ಸಿಗುತ್ತದೆ. ದಾಟಿ ಪಶ್ಚಿಮ ದಂಡೆಯ ರೇಮೋರ್ ಪಾರ್ಕ್‌ಗೆ ಹೋಗಿ. ಇಡೀ ದಿನದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ. ಮೊದಲು ನೀರಿನ ಅಂಚಿಗೆ ಹೋಗಿ ನಿಲ್ಲಿ. ಬೇಸಿಗೆಯಲ್ಲಾದರೆ ಕಲ್ಲಿನ ಮೇಲೆ ಕಾಲಿಟ್ಟು ದಾಟಬಹುದೇನೋ ಎನ್ನಿಸುವಷ್ಟು ಸೌಮ್ಯವಾದ ಹೊಳೆ. ನನ್ನ ತಂಗಿಯ ಮಗ ಇಲ್ಲಿ ನಿಂತು, “ಮಾವ, ಇಷ್ಟು ಚಿಕ್ಕ ಹೊಳೆಯೇ?” ಎಂದು ಕೇಳಿದ. ಈಗ ತಲೆಯೆತ್ತಿ, ನೀರಿನ ಮಟ್ಟದಿಂದ ಆರು ಮೀಟರ್ ಮೇಲೆ ಎಲ್ಲಿ ಬರುತ್ತದೆ ಎಂದು ದಂಡೆಯ ಮರಗಳಲ್ಲಿ ಗುರುತಿಸಿ. ಎರಡಂತಸ್ತಿನ ಮನೆಯ ಎತ್ತರ. ಆ ರಾತ್ರಿ ನೀರು ಅಲ್ಲಿಯವರೆಗೆ ಬಂದಿತ್ತು. ನಮ್ಮಲ್ಲಿ ಸೇತುವೆಯ ಕಂಬಗಳ ಮೇಲೆ ಗರಿಷ್ಠ ಪ್ರವಾಹ ಮಟ್ಟವನ್ನು ಬಣ್ಣದಲ್ಲಿ ಬರೆದಿರುತ್ತಾರಲ್ಲ, ಆ ಗೆರೆಯನ್ನು ಇಲ್ಲಿ ನೀವೇ ಕಣ್ಣಿನಲ್ಲಿ ಎಳೆದುಕೊಳ್ಳಬೇಕು.

ಆಮೇಲೆ ಹಳೆಯ ಕಾಲುಸೇತುವೆಯ ಕಾಂಕ್ರೀಟ್ ಅವಶೇಷವನ್ನು ಹುಡುಕಿ. ಮೇಲಿನಿಂದ ಕೊಚ್ಚಿಬಂದ ಮರ, ಮನೆಗಳ ಚೂರು, ಕಸಕಡ್ಡಿಗಳೆಲ್ಲ ಆ ಸೇತುವೆಗೆ ಸಿಕ್ಕಿಕೊಂಡು ನೀರು ಹಿಂದೆ ಒತ್ತರಿಸಿತು. ಕೊನೆಗೆ ಸೇತುವೆಯ ಒಂದು ತುದಿ ಕಿತ್ತುಬಂದು ಅದು ಹೊರಳಿತು. ನೀರಿನ ಹೊಡೆತ ರೇಮೋರ್ ಡ್ರೈವ್ ಬೀದಿಯ ಕಡೆಗೆ ತಿರುಗಿತು. 14 ಮನೆಗಳು ಕೊಚ್ಚಿಹೋದವು. ಈ ಒಂದು ಬೀದಿಯಲ್ಲೇ 35 ಜನ ಸತ್ತರು. ಮಲಗಿದ್ದ ಸಂಸಾರಗಳು. ಅಂದು ಹವಾಮಾನ ಕಚೇರಿ ಗಾಳಿ ಮಳೆಯ ಮುನ್ಸೂಚನೆ ಕೊಟ್ಟಿತ್ತು. ಹೊಳೆ ಉಕ್ಕಿ ಬರುತ್ತಿದೆ, ಎದ್ದು ಹೋಗಿ ಎಂದು ಮನೆಮನೆಗೆ ತಲುಪಿಸುವ ವ್ಯವಸ್ಥೆ ಇರಲಿಲ್ಲ. ಕೆರೆಯ ಏರಿಯ ಮೇಲೆ ಮಳೆಗಾಲದ ರಾತ್ರಿ ಕಾವಲು ನಿಂತವನಾದ ನನಗೆ ಈ ಜಾಗದಲ್ಲಿ ಪ್ರತಿ ಬಾರಿಯೂ ಎದೆ ಭಾರವಾಗುತ್ತದೆ. ತಗ್ಗಿನಲ್ಲಿ ಸೇತುವೆ ಇರುವ ಕಡೆ ನೆರೆ ಬಂದರೆ ಏನಾಗುತ್ತದೆ ಎಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಡ್ಡಿಗಳನ್ನು ಕೊಟ್ಟು ಮರಳಿನಲ್ಲಿ ಪುಟ್ಟ ಸೇತುವೆ ಕಟ್ಟಿಸಿ, ಮೇಲಿನಿಂದ ನೀರು ಮತ್ತು ಎಲೆ ಬಿಡಿಸಿ. ತಾವಾಗಿಯೇ ಕಂಡುಕೊಳ್ಳುತ್ತಾರೆ.

ಅಲ್ಲಿಂದ ನದಿಯ ಜೊತೆಗೇ ದಕ್ಷಿಣಕ್ಕೆ ನಡೆಯಿರಿ. ನಡಿಗೆ ದೀರ್ಘ, ಬುತ್ತಿ ಕಟ್ಟಿಕೊಂಡು ಹೋಗಿ. ಈ ಕೆಳಭಾಗದಲ್ಲಿಯೇ ಕಿಂಗ್ಸ್‌ವೇ–ಲ್ಯಾಂಬ್ಟನ್ ಸ್ವಯಂಸೇವಾ ಅಗ್ನಿಶಾಮಕ ದಳದ ಐದು ಮಂದಿ, ನೆರೆಯಲ್ಲಿ ಸಿಕ್ಕಿಕೊಂಡವರ ನೆರವಿಗೆ ಹೋಗಿ, ವಾಹನದ ಸಮೇತ ಕೊಚ್ಚಿಹೋಗಿ ಪ್ರಾಣ ಬಿಟ್ಟರು. ನಡಿಗೆ ಮುಗಿಯುವುದು ಓಲ್ಡ್ ಮಿಲ್‌ನ ಕಲ್ಲಿನ ಕಮಾನು ಸೇತುವೆಯಲ್ಲಿ. ಅದಕ್ಕೂ ಮೊದಲಿದ್ದ ಸೇತುವೆಯನ್ನು 1916ರಲ್ಲಿ ಮಂಜುಗಡ್ಡೆಯ ನೆರೆ ಒಡೆದ ಮೇಲೆ, ಕಮಾನನ್ನು ಎತ್ತರಿಸಿ ಕಟ್ಟಿದ್ದು ಇದು. ಹತ್ತಾರು ಸೇತುವೆಗಳು ಹಾಳಾದ ಹೇಝಲ್ ರಾತ್ರಿಯಲ್ಲಿ ಇದು ನಿಂತಿತು. ಕೆಳಗೆ ಇಳಿದು ಕಮಾನಿನ ಅಡಿ ನೀರಿಗೆ ಬಿಟ್ಟಿರುವ ಜಾಗವನ್ನು ನೋಡಿ. ರೇಮೋರ್‌ನ ಕಾಲುಸೇತುವೆಗೂ ಇದಕ್ಕೂ ಇದ್ದ ವ್ಯತ್ಯಾಸ ಅದೇ. ಅಕ್ಟೋಬರ್‌ನಲ್ಲಿ ಹೋದರೆ ಸಾಲ್ಮನ್ ಮೀನುಗಳು ಪ್ರವಾಹದ ವಿರುದ್ಧ ಹಾರುವುದನ್ನು ನೋಡಲು ಜನ ಸೇರಿರುತ್ತಾರೆ. ಪಕ್ಕದಲ್ಲೇ ಓಲ್ಡ್ ಮಿಲ್ ಸಬ್‌ವೇ ನಿಲ್ದಾಣವಿದೆ.

ಇನ್ನೊಂದು ದಿನವನ್ನು ಎಟೊಬಿಕೋಕ್ ತೊರೆಗೆ ಕೊಡಿ. ಬ್ರಾಂಪ್ಟನ್‌ನ ಪೇಟೆಯಲ್ಲಿ ಒಂದು ಕಾಂಕ್ರೀಟ್ ನಾಲೆ ಕಾಣುತ್ತದೆ. ಅಂದಚಂದವಿಲ್ಲದ ನಾಲೆ, ಯಾರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದಿಲ್ಲ. 1948ರ ನೆರೆಯಲ್ಲಿ ಪೇಟೆ ಮುಳುಗಿದ ಮೇಲೆ ತೊರೆಯನ್ನು ಪೇಟೆಯ ಸುತ್ತ ಬಳಸಿ ಒಯ್ಯಲು ಅದನ್ನು ತೋಡಿ 1952ರಲ್ಲಿ ಮುಗಿಸಿದರು. ಎರಡೇ ವರ್ಷಕ್ಕೆ ಹೇಝಲ್ ಬಂತು, ಬ್ರಾಂಪ್ಟನ್ ಪೇಟೆ ಉಳಿಯಿತು. ಅದೇ ತೊರೆ ಒಂಟಾರಿಯೊ ಸರೋವರವನ್ನು ಸೇರುವ ಲಾಂಗ್ ಬ್ರಾಂಚ್‌ನಲ್ಲಿ ಬೇಸಿಗೆಗೆಂದು ಕಟ್ಟಿದ್ದ ಹಗುರ ಮನೆಗಳಲ್ಲಿ ವರ್ಷವಿಡೀ ಜನ ವಾಸವಿದ್ದರು. ಅಲ್ಲಿ ಏಳು ಮಂದಿ ಸತ್ತರು. ಆ ಜಾಗವನ್ನು ತೆರವು ಮಾಡಿ 1959ರಲ್ಲಿ ಉದ್ಯಾನ ಮಾಡಿ, ಊರಿನ ಆಡಳಿತ ನಡೆಸಿದ್ದ ಮೇರಿ ಕರ್ಟಿಸ್ ಅವರ ಹೆಸರಿಟ್ಟರು. ನಾಲೆಯನ್ನೂ ಉದ್ಯಾನವನ್ನೂ ಒಂದೇ ದಿನ ನೋಡಿದರೆ, ನೆರೆಗೆ ಮೊದಲು ಖರ್ಚು ಮಾಡಿದ ಊರು ಯಾವುದು, ನೆರೆಯ ನಂತರ ಮಾಡಿದ್ದು ಯಾವುದು ಎಂಬುದು ಕಾಲಿನಲ್ಲೇ ತಿಳಿಯುತ್ತದೆ. ಅದೇ ಹೇಝಲ್ ಮಳೆಗೆ, ಟೊರಾಂಟೊದ ಉತ್ತರಕ್ಕಿರುವ ಹಾಲೆಂಡ್ ಮಾರ್ಷ್‌ನಲ್ಲಿ ಡಚ್ ವಲಸಿಗರ ತರಕಾರಿ ಹೊಲಗಳು ಸರೋವರದಂತಾದವು. ಕಾರು ಇದ್ದರೆ 400ನೇ ಹೆದ್ದಾರಿಯಲ್ಲಿ ಹಾದುಹೋಗುವಾಗ ಆ ಕಪ್ಪುಮಣ್ಣಿನ ತಗ್ಗನ್ನು ನೋಡಿ.

ನಡಿಗೆಯ ನಂತರ ಗ್ರಂಥಾಲಯ. ಟೊರಾಂಟೊ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾದರೆ ಟೊರಾಂಟೊ ಸ್ಟಾರ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಮನೆಯಿಂದಲೇ ಓದಬಹುದು. ಅಕ್ಟೋಬರ್ 16ರಿಂದ ಒಂದು ವಾರದ ಪುಟಗಳನ್ನು ದಿನಕ್ಕೊಂದರಂತೆ ಓದಿ. ಸಾವಿನ ಸಂಖ್ಯೆ ದಿನದಿನಕ್ಕೆ ಬದಲಾಗುವುದು ಕಾಣುತ್ತದೆ. ಅದನ್ನು ತಪ್ಪು ವರದಿ ಎನ್ನಬೇಡಿ, ಕಾಣೆಯಾದವರನ್ನು ಹುಡುಕುತ್ತಿದ್ದ ಊರಿನ ಲೆಕ್ಕ ಅದು. ಅಂಗುಲ, ಅಡಿ, ಮೈಲಿಗಳನ್ನು ಓದುತ್ತಲೇ ಮೆಟ್ರಿಕ್‌ಗೆ ಬದಲಿಸಿ ಬರೆದುಕೊಳ್ಳಿ. ಜಾಹೀರಾತುಗಳನ್ನೂ ಬಿಡಬೇಡಿ. ಆ ಜನ ಯಾವ ಕೋಟು ಕೊಳ್ಳಲು, ಯಾವ ಸಿನಿಮಾ ನೋಡಲು ಹೊರಟಿದ್ದರು ಎಂಬುದು ಅಲ್ಲಿದೆ.

ಆಮೇಲೆ ನಡೆದ ಕೆಲಸವನ್ನು ನಾನು ವೃತ್ತಿಯವನಾಗಿ ಮನಸಾರೆ ಮೆಚ್ಚುತ್ತೇನೆ. 1957ರಲ್ಲಿ ಬೇರೆಬೇರೆ ನದಿಗಳ ಸಂರಕ್ಷಣಾ ಪ್ರಾಧಿಕಾರಗಳನ್ನು ಒಂದುಗೂಡಿಸಿದರು. ಹೊಳೆಗೆ ಪುರಸಭೆಯ ಗಡಿ ಗೊತ್ತಿಲ್ಲವಲ್ಲ. 1959ರಲ್ಲಿ ನೆರೆ ನಿಯಂತ್ರಣದ ಯೋಜನೆ ಬಂತು. ಕ್ಲೇರ್‌ವಿಲ್ ಅಣೆಕಟ್ಟು 1964ರಲ್ಲಿ, ಜಿ. ರಾಸ್ ಲಾರ್ಡ್ ಅಣೆಕಟ್ಟು 1973ರಲ್ಲಿ ಮುಗಿದವು. ಅಣೆಕಟ್ಟುಗಳಿಗಿಂತ ದೊಡ್ಡ ಕೆಲಸವೆಂದರೆ, ನದಿಯ ಬಯಲನ್ನು ಸರ್ಕಾರ ಕೊಂಡು, ಮತ್ತೆ ಮನೆ ಕಟ್ಟಗೊಡದೆ, ನದಿಗೇ ಬಿಟ್ಟದ್ದು. ನೆರೆ ಈಗಲೂ ಬರುತ್ತದೆ. 2013ರ ಜುಲೈ 8ರಂದು ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಮಳೆ ಬಿದ್ದು, ಅಲ್ಲಿನ ಒಂದು ದಿನದ ಹೇಝಲ್ ದಾಖಲೆಯನ್ನು ಮೀರಿತು. ಟೊರಾಂಟೊದ ಇನ್ನೊಂದು ನದಿಯಾದ ಡಾನ್‌ನ ಕೊಳ್ಳದಲ್ಲಿ ನಿಂತುಹೋದ ರೈಲಿನಿಂದ ಪ್ರಯಾಣಿಕರನ್ನು ದೋಣಿಯಲ್ಲಿ ಕರೆತಂದರು. ಹಂಬರ್ ಬಯಲಿನಲ್ಲಿ ಕೊಚ್ಚಿಕೊಂಡು ಹೋಗಲು ರೇಮೋರ್‌ನಂಥ ಬೀದಿ ಇರಲಿಲ್ಲ.

ಇನ್ನು ನಿಮ್ಮ ಮನೆಯ ವಿಷಯ. ಹೊಸದಾಗಿ ಬರುವ ನಮ್ಮ ಹುಡುಗರು, ಓದಲು ಬರುವ ಮಕ್ಕಳು, ಬಾಡಿಗೆ ಕಡಿಮೆಯೆಂದು ನೆಲಮಾಳಿಗೆಯಲ್ಲಿ ಇರುತ್ತಾರೆ. ಬಾಡಿಗೆಗೆ ಒಪ್ಪುವ ಮೊದಲು ಟೊರಾಂಟೊ ಪ್ರದೇಶದ ಸಂರಕ್ಷಣಾ ಪ್ರಾಧಿಕಾರದ ಜಾಲತಾಣದಲ್ಲಿ ಪ್ರವಾಹ ಬಯಲಿನ ನಕ್ಷೆ ತೆರೆದು ವಿಳಾಸ ಹಾಕಿ ನೋಡಿ. ಇಲ್ಲಿನ ಹೊಳೆಗಳ ಬಯಲಿನ ಗೆರೆಗೆ ಹೇಝಲ್ ಮಳೆಯೇ ಆಧಾರ. ಗೆರೆಯ ಹೊರಗಿದ್ದರೂ ಚರಂಡಿಯ ನೀರು ಹಿಂದಕ್ಕೆ ಉಕ್ಕಬಹುದು. ಅದನ್ನು ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಹಾಕಿಸಿದ್ದಾರೆಯೇ ಎಂದು ಮನೆಯ ಮಾಲೀಕರನ್ನು ಕೇಳಿ, ಇದ್ದರೆ ತೋರಿಸಲು ಹೇಳಿ. ಹೊರಹೋಗಲು ಎರಡನೆಯ ದಾರಿ ಯಾವುದು, ಕಿಟಕಿಯಿಂದ ಒಬ್ಬರು ಹೊರಗೆ ತೂರಬಹುದೇ ಎಂದು ನೋಡಿ. ಮನೆ ಕೊಳ್ಳುವವರು ವಿಮೆಯ ಕಾಗದದಲ್ಲಿ ನೆಲದ ಮೇಲೆ ಹರಿದು ಬರುವ ನೆರೆಯ ಭಾಗ ಸೇರಿದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಕೆನಡಾದಲ್ಲಿ ಮನೆಗಳಿಗೆ ಅದು ಸಿಗತೊಡಗಿದ್ದೇ 2015ರ ಹೊತ್ತಿಗೆ, ಈಗಲೂ ಅದನ್ನು ಕೇಳಿ ಸೇರಿಸಿಕೊಳ್ಳಬೇಕಾಗುತ್ತದೆ. ಚರಂಡಿ ಉಕ್ಕುವುದರ ರಕ್ಷಣೆ ಸಾಮಾನ್ಯವಾಗಿ ಬೇರೆಯೇ ಬಾಬ್ತು. ಎರಡನ್ನೂ ಬರಹದಲ್ಲಿ ಪಡೆಯಿರಿ.