ಓಡುವ ಸೇನಾ ವಾಹನಗಳನ್ನು ಮ್ಯೂಸಿಯಂನಲ್ಲಿ ಉಳಿಸಿಕೊಳ್ಳುವುದು: ನನ್ನ ಅನುಭವ

ಹಳೇ ವಾಹನದ ಇಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಅದರಲ್ಲಿ ಏನೋ ಒಂದಿಷ್ಟು ಸವೆಯುತ್ತದೆ. ಬೇರಿಂಗ್ ಸವೆಯುತ್ತದೆ, ಬ್ರೇಕ್ ಲೈನಿಂಗ್ ಸವೆಯುತ್ತದೆ, ಟ್ಯಾಂಕಿನ ಪಟ್ಟಾ ಚಕ್ರದ (ಟ್ರ್ಯಾಕಿನ) ಪಿನ್ನು ಸವೆಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ತಯಾರಾದ ಲೋಹ ಅದು, ಹೋದರೆ ಹೋಯಿತು. ಮ್ಯೂಸಿಯಂನ ಸೇನಾ ವಾಹನಗಳನ್ನು ಓಡುವ ಸ್ಥಿತಿಯಲ್ಲಿಡುವುದು ನನ್ನ ಕೆಲಸ. ಹಾಗಾಗಿ ಪ್ರತಿ ಸಲ ಕೀಲಿ ತಿರುಗಿಸುವ ಮೊದಲು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ: ಇಷ್ಟು ಸವೆತಕ್ಕೆ ಪ್ರತಿಯಾಗಿ ಏನು ಸಿಗುತ್ತದೆ?

ಸಿಗುವುದು ಕಮ್ಮಿಯೇನಲ್ಲ. ಇಂಜಿನ್ನಿನ ಸದ್ದು, ಒಳಗಿನ ಶಾಖ, ಸ್ಟಿಯರಿಂಗ್ ತಿರುಗಿಸಲು ಬೇಕಾದ ತೋಳಿನ ಬಲ, ಇವೆಲ್ಲ ಫಲಕದ ಮೇಲೆ ಬರೆದು ತಿಳಿಸಲು ಆಗುವ ಸಂಗತಿಗಳಲ್ಲ. ಗಾಡಿಯನ್ನು ಓಡಿಸುವ, ರಿಪೇರಿ ಮಾಡುವ ವಿದ್ಯೆಯೂ ಆ ಕೆಲಸ ಮಾಡುತ್ತಿದ್ದರೆ ಮಾತ್ರ ಉಳಿಯುತ್ತದೆ. ಅದಕ್ಕೇ ನಾನು ಓಡಿಸಬೇಕು ಅನ್ನುವವರ ಕಡೆ. ಆದರೆ ಎಲ್ಲವನ್ನೂ ಅಲ್ಲ, ಯಾವಾಗ ಬೇಕಾದರೆ ಆವಾಗಲೂ ಅಲ್ಲ.

ಯಾವುದನ್ನು ಓಡಿಸಬಹುದು ಅನ್ನುವುದೇ ಮೊದಲ ತೀರ್ಮಾನ. ಯುದ್ಧಕಾಲದ ಜೀಪನ್ನೇ ತೆಗೆದುಕೊಳ್ಳಿ. ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 1941ರಿಂದ 1945ರವರೆಗೆ ಸುಮಾರು 6.4 ಲಕ್ಷ ಜೀಪುಗಳನ್ನು ಕಟ್ಟಿದವು. ಬಿಡಿಭಾಗ ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ಅಂಥದ್ದನ್ನು ಓಡಿಸಿದರೆ ಒಂದು ಪಿಸ್ಟನ್ ರಿಂಗ್ ಹೋಯಿತು ಅಂತ ಇತಿಹಾಸ ಕಳೆದುಹೋಗುವುದಿಲ್ಲ. ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನ ಟೈಗರ್ 131 ಇದೆ. 1943ರ ಏಪ್ರಿಲ್‌ನಲ್ಲಿ ಟ್ಯುನೀಶಿಯಾದಲ್ಲಿ ಸೆರೆಸಿಕ್ಕ ಜರ್ಮನ್ ಟ್ಯಾಂಕ್ ಅದು. ಅವರು ಅದನ್ನು ಓಡಿಸುತ್ತಾರೆ, ಆದರೆ ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ. ಆ ಹತೋಟಿಯನ್ನು ನಾನು ತುಂಬಾ ಮೆಚ್ಚುತ್ತೇನೆ. ಪ್ರಪಂಚದಲ್ಲಿ ಒಂದೇ ಉಳಿದಿರುವ ಮಾದರಿಯಾದರೆ, ಅಥವಾ ಯಾರೂ ಬಿಚ್ಚದೆ ಫ್ಯಾಕ್ಟರಿಯಿಂದ ಬಂದ ಹಾಗೇ ಇರುವ ಇಂಜಿನ್ ಆದರೆ, ನನ್ನ ಉತ್ತರ ಒಂದೇ. ಅದನ್ನು ಮುಟ್ಟಬೇಡಿ, ಒಣಗಿದ ಜಾಗದಲ್ಲಿ ನಿಲ್ಲಿಸಿ, ಅಷ್ಟು ಸಾಕು.

ಓಡಿಸುವುದು ಅಂತ ತೀರ್ಮಾನವಾದ ವಾಹನಕ್ಕೂ ಸ್ಪ್ಯಾನರ್ ಹಾಕುವ ಮೊದಲು ಅದನ್ನು ಓದಬೇಕು. ನನಗೆ ಈ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಭಾಗ ಇದು. ಜೀಪಿನ ಬಾನೆಟ್ ಮೇಲೆ ನೀರು ಹಾಕಿ, ತೀರಾ ನಯವಾದ ಸ್ಯಾಂಡ್‌ಪೇಪರಿನಿಂದ ಅಂಗೈ ಅಗಲದ ಜಾಗವನ್ನು ನಿಧಾನವಾಗಿ ಉಜ್ಜುತ್ತೇನೆ. ಮೇಲಿನ ಹೊಳಪು ಹಸಿರು ಹೋಗುತ್ತದೆ. ಅದರಡಿ ಇನ್ನೊಂದು ಹಸಿರು. ಅದರಡಿ ಹೊಳಪೇ ಇಲ್ಲದ ಆಲಿವ್ ಬಣ್ಣ. ಅಲ್ಲಿ ಕೈ ಇನ್ನೂ ಹಗುರವಾಗಬೇಕು. ಯಾಕಂದರೆ ಅಮೆರಿಕದ ಸೇನೆ ನೋಂದಣಿ ಸಂಖ್ಯೆಗಳನ್ನು ಮೊದಮೊದಲು ಮಂಕು ನೀಲಿ ಬಣ್ಣದಲ್ಲಿ ಬರೆಯುತ್ತಿತ್ತು, ಬಿಳಿ ಬಣ್ಣ ಬಂದದ್ದು ಆಮೇಲೆ. ಆ ನೀಲಿ ಬಣ್ಣ ಹಸಿರಿನ ಮೇಲೆ ಕಂಡೂ ಕಾಣದ ಹಾಗಿರುತ್ತದೆ. ಒಂದು ಅಂಕಿಯ ಬಾಲ ಕಂಡ ಕೂಡಲೇ ನಿಲ್ಲಿಸಿ, ಬದಿಯಿಂದ ಬೆಳಕು ಬಿಟ್ಟು ಫೋಟೋ ತೆಗೆಯುತ್ತೇವೆ. ಸಂಖ್ಯೆಯ ಕೊನೆಗೆ ಎಸ್ ಅಕ್ಷರ ಸಿಕ್ಕಿದರೆ, ರೇಡಿಯೋಗೆ ಅಡ್ಡಿಯಾಗದಂತೆ ಇಂಜಿನ್ನಿನ ವಿದ್ಯುತ್ ಗಲಾಟೆಯನ್ನು ಅಡಗಿಸಿದ ಗಾಡಿ ಅಂತ ಅರ್ಥ. ಆಗ ಬಾನೆಟ್ ಮತ್ತು ಚಾಸಿ (ಗಾಡಿಯ ಕೆಳಚೌಕಟ್ಟು) ನಡುವೆ ನೇತಾಡುವ ಸಣ್ಣ ಹೆಣೆದ ತಾಮ್ರದ ಪಟ್ಟಿಗಳ ಬೆಲೆ ಗೊತ್ತಾಗುತ್ತದೆ. ಗೊತ್ತಿಲ್ಲದವರು ಅವನ್ನು ಬೇಡದ ವೈರು ಅಂತ ಕಿತ್ತು ಎಸೆಯುತ್ತಾರೆ.

ಬೋಲ್ಟುಗಳನ್ನೂ ಓದಬೇಕು. ಫೋರ್ಡ್ ತನ್ನ ಜೀಪಿನ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ಎಫ್ ಅಕ್ಷರ ಒತ್ತುತ್ತಿತ್ತು. ವಿಲ್ಲೀಸ್ ಚಾಸಿಯ ಮೇಲೆ ಎಫ್ ಗುರುತಿನ ಬೋಲ್ಟು ಸಿಕ್ಕಿದರೆ ಕೆಲವರು ತಪ್ಪು ಭಾಗ ಅಂತ ತೆಗೆದು "ಸರಿ" ಮಾಡಲು ಹೊರಡುತ್ತಾರೆ. ನಾನು ಒಪ್ಪುವುದಿಲ್ಲ. ಸೇನೆಯ ವರ್ಕ್‌ಶಾಪುಗಳಲ್ಲಿ ಗಾಡಿಗಳನ್ನು ಪೂರ್ತಿ ಬಿಚ್ಚಿ, ಕೈಗೆ ಸಿಕ್ಕ ಭಾಗ ಹಾಕಿ ಮತ್ತೆ ಕಟ್ಟುತ್ತಿದ್ದರು. ಆ ಬೆರಕೆ ಕೂಡ ಅದರ ಸೇವೆಯ ದಾಖಲೆ, ಅಲ್ವಾ? ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಟ್ಯೂರಿನ್ ಚಾರ್ಟರ್ ಹೇಳುವುದೂ ಇದನ್ನೇ: ವಾಹನ ಬದುಕಿದ ಗುರುತುಗಳನ್ನು ಅಳಿಸಬೇಡಿ, ಹೊಸದಾಗಿ ಕಾಣಿಸುವುದಕ್ಕಿಂತ ಇದ್ದದ್ದನ್ನು ಉಳಿಸುವುದು ಮುಖ್ಯ.

ವರ್ಷಗಟ್ಟಲೆ ನಿಂತಿದ್ದ ಇಂಜಿನ್ನನ್ನು ಎಬ್ಬಿಸುವಾಗ ಆತುರ ಪಡಲೇಬಾರದು. ಹೊಸ ಬ್ಯಾಟರಿ ಹಾಕಿ ಸ್ಟಾರ್ಟರ್ ಒತ್ತಿಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರ್ ಒಳಗೆ ತೆಳುವಾದ ಎಣ್ಣೆ ಬಿಟ್ಟು, ಅದು ಇಳಿಯಲು ಸಮಯ ಕೊಡಬೇಕು. ಕ್ಯಾಮೆರಾ ಇರುವ ಸಣ್ಣ ಪೈಪು ಒಳಗೆ ಬಿಟ್ಟು ತುಕ್ಕು ನೋಡಬೇಕು. ಆಮೇಲೆ ಕೈಯಿಂದ ಮಾತ್ರ ತಿರುಗಿಸಬೇಕು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ. ಅಂಟಿಕೊಂಡ ವಾಲ್ವ್ ಬಲವಂತಕ್ಕೆ ಬಾಗುತ್ತದೆ, ಬಿಡುವುದಿಲ್ಲ. ಜೊತೆಗೆ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯನ್ನು, ಅಂದರೆ ಆಯಿಲ್ ಸಂಪ್ ಅನ್ನು, ಇಳಿಸಿ ತೊಳೆಯುವುದನ್ನು ನಾನು ಯಾವತ್ತೂ ತಪ್ಪಿಸುವುದಿಲ್ಲ. ಹಳೇ ಕಾಲದ ಆಯಿಲ್ ಕೊಳೆಯನ್ನು ತಳದಲ್ಲೇ ಕೂರಲು ಬಿಡುತ್ತಿತ್ತು. ಈಗಿನ ಡಿಟರ್ಜೆಂಟ್ ಆಯಿಲ್ ಅದನ್ನೆಲ್ಲ ಕರಗಿಸಿ ಎತ್ತಿಕೊಂಡು ಹೋಗಿ ಜಾಲರಿಗೆ, ಬೇರಿಂಗ್‌ಗೆ ತುಂಬುತ್ತದೆ. ಸಂಪ್ ಬಿಚ್ಚಿದಾಗ ತಳದಲ್ಲಿ ಬೆರಳು ಹೂತುಹೋಗುವಷ್ಟು ದಪ್ಪದ ಕಪ್ಪು ಕೆಸರು ಕಂಡಾಗ ಆ ಶ್ರಮ ಸಾರ್ಥಕ ಅನ್ನಿಸುತ್ತದೆ. ಕೊನೆಗೆ ಪ್ಲಗ್ ಇಲ್ಲದೆಯೇ ಸ್ಟಾರ್ಟರ್‌ನಿಂದ ತಿರುಗಿಸಿ, ಆಯಿಲ್ ಒತ್ತಡದ ಮುಳ್ಳು ಎದ್ದ ಮೇಲೆ ಮಾತ್ರ ಕಿಡಿ ಮತ್ತು ಪೆಟ್ರೋಲ್.

ರೇಡಿಯಲ್ ಇಂಜಿನ್ ಇದ್ದರೆ ಇನ್ನೂ ಒಂದು ಹೆಜ್ಜೆ ಜಾಸ್ತಿ. ಯುದ್ಧಕಾಲದ ಅಮೆರಿಕದ ಶೆರ್ಮನ್ ಟ್ಯಾಂಕಿನ ಎಂ4, ಎಂ4ಎ1 ಮಾದರಿಗಳಲ್ಲಿ ವಿಮಾನದಿಂದ ಬಂದ 9 ಸಿಲಿಂಡರಿನ ಕಾಂಟಿನೆಂಟಲ್ ಆರ್975 ಇಂಜಿನ್ ಇದೆ. ಸಿಲಿಂಡರ್‌ಗಳು ಸುತ್ತಲೂ ವೃತ್ತಾಕಾರದಲ್ಲಿ ಇರುತ್ತವೆ. ನಿಂತಿರುವಾಗ ಆಯಿಲ್ ನಿಧಾನವಾಗಿ ಕೆಳಗಿನ ಸಿಲಿಂಡರ್‌ಗಳಿಗೆ ಇಳಿಯುತ್ತದೆ. ದ್ರವ ಕುಗ್ಗುವುದಿಲ್ಲ. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಹಿಂದಿನಿಂದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುವುದು. ತಡೆ ಸಿಕ್ಕಿದರೆ ಕೆಳಗಿನ ಪ್ಲಗ್ ಬಿಚ್ಚಿ ಆಯಿಲ್ ಸುರಿಸಬೇಕು. ಹಿಂದಕ್ಕೆ ತಿರುಗಿಸಿ ತಡೆ ಹೋಯಿತು ಅಂದುಕೊಳ್ಳುವುದು ಅಪಾಯ. ಆಯಿಲ್ ಇನ್‌ಟೇಕ್ ಪೈಪಿಗೆ (ಗಾಳಿ ಒಳಗೆ ಬರುವ ದಾರಿಗೆ) ಹೋಗಿ ಕೂತು, ಇಂಜಿನ್ ಸ್ಟಾರ್ಟ್ ಆದ ಮೇಲೆ ವಾಪಸ್ ಬರುತ್ತದೆ.

ಆಮೇಲೆ ಬರುವುದು ಎಷ್ಟು ದಿನಕ್ಕೊಮ್ಮೆ ಓಡಿಸಬೇಕು ಅನ್ನುವ ಪ್ರಶ್ನೆ. ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಡುವ ಅಭ್ಯಾಸ ತುಂಬಾ ಕಡೆ ಇದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಇದರಷ್ಟು ಹಾನಿ ಇನ್ಯಾವುದೂ ಮಾಡುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ನೀರು ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳಿದು, ಆಮ್ಲದ ಜೊತೆ ಸೇರಿ ಒಳಗಿಂದ ತಿನ್ನುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಬಿಳಿ ಕೆನೆಯಂಥದ್ದು ಕಂಡರೆ ಅದೇ ಗುರುತು. ಓಡಿಸುವುದಾದರೆ ರಸ್ತೆಗೆ ತಂದು, ಭಾರ ಬೀಳುವ ಹಾಗೆ, ಗೇರ್‌ಬಾಕ್ಸ್ ಮತ್ತು ಆಕ್ಸಲ್ ಕೂಡ ಕೈಗೆ ಬೆಚ್ಚಗೆ ತಾಗುವವರೆಗೆ ಓಡಿಸಿ. ಅದಕ್ಕೆ ಸಮಯವಿಲ್ಲದಿದ್ದರೆ ಸ್ಟಾರ್ಟೇ ಮಾಡಬೇಡಿ. ಪ್ಲಗ್ ಬಿಚ್ಚಿ ಕೈಯಿಂದ ಒಂದೆರಡು ಸುತ್ತು ತಿರುಗಿಸಿ ಬಿಟ್ಟರೆ ಸಾಕು.

ದ್ರವಗಳ ವಿಷಯ ಚುರುಕಾಗಿ ಹೇಳಿಬಿಡುತ್ತೇನೆ. ಮಾಮೂಲಿ ಗ್ಲೈಕಾಲ್ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಿಂತೇ ಇರುವ ಗಾಡಿಯಲ್ಲಿ ವೀಲ್ ಸಿಲಿಂಡರ್ ಹಿಡಿದುಕೊಳ್ಳುವುದು ಅದರಿಂದಲೇ. ನಾವು ಸಿಲಿಕೋನ್ ದ್ರವಕ್ಕೆ ಬದಲಾಯಿಸಿದ್ದೇವೆ. ಅದು ತೇವ ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ಆದರೆ ಎರಡನ್ನೂ ಬೆರೆಸುವ ಹಾಗಿಲ್ಲ, ಪೂರ್ತಿ ತೊಳೆದು ಎಲ್ಲಾ ರಬ್ಬರ್ ಹೊಸದು ಹಾಕಬೇಕು. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಂ ಅನ್ನೂ ಹಾಳು ಮಾಡುತ್ತದೆ. ಅದಕ್ಕೆ ತಡೆಯುವ ಪೈಪು ಹಾಕಿ, ಕೆಲಸವಿಲ್ಲದ ತಿಂಗಳುಗಳಲ್ಲಿ ಕಾರ್ಬುರೇಟರ್ ಖಾಲಿ ಮಾಡಿಡಿ. ಗೇರ್ ಆಯಿಲ್‌ನಲ್ಲಿ ಜಿಎಲ್-5 ಅಂತ ಬರೆದಿದ್ದರೆ ಹಿತ್ತಾಳೆ, ಕಂಚಿನ ಭಾಗ ಇರುವ ಗೇರ್‌ಬಾಕ್ಸಿಗೆ ಹಾಕುವ ಮೊದಲು ಯೋಚಿಸಿ. ಅದರ ಗಂಧಕದ ಅಂಶ ಆ ಲೋಹಗಳನ್ನು ತಿನ್ನಬಹುದು.

ಓಡಿಸುವವರ ತರಬೇತಿ ಕೂಡ ಸಂರಕ್ಷಣೆಯ ಭಾಗ. ಫೆರೆಟ್ ಸ್ಕೌಟ್ ಕಾರಿನಷ್ಟು ಇದನ್ನು ಚೆನ್ನಾಗಿ ಕಲಿಸುವ ಗಾಡಿ ಇನ್ನೊಂದಿಲ್ಲ. ಬ್ರಿಟನ್ನಿನ ಡೈಮ್ಲರ್ 1950ರ ದಶಕದಲ್ಲಿ ತಯಾರಿಸಲು ಶುರು ಮಾಡಿದ, ರೋಲ್ಸ್ ರಾಯ್ಸ್ ಬಿ60 ಇಂಜಿನ್ನಿನ ನಾಲ್ಕು ಚಕ್ರದ ಕವಚದ ಗಾಡಿ. ಇದರಲ್ಲಿ ಕ್ಲಚ್ ಇಲ್ಲ. ಮೊದಲು ಲಿವರಿನಿಂದ ಗೇರ್ ಆರಿಸಿಟ್ಟು, ಆಮೇಲೆ ಎಡಗಾಲಿನ ಪೆಡಲ್ ಒತ್ತಿ ಬಿಟ್ಟರೆ ಗೇರ್ ಬೀಳುತ್ತದೆ. ಪೆಡಲನ್ನು ಅರ್ಧಕ್ಕೆ ಒತ್ತಿದರೆ ಅದು ಕಾಲನ್ನು ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಂದು ಬದಿಯ ಹಿಂದಿನ, ಮುಂದಿನ ಚಕ್ರಗಳು ಒಂದೇ ಲೆಕ್ಕದಲ್ಲಿ ತಿರುಗುವಂತೆ ಕಟ್ಟಿದ್ದಾರೆ. ಮಣ್ಣಿನ ಮೇಲೆ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರುವುದಿಲ್ಲ. ಆ ಬಿಗಿತ ಶಾಫ್ಟುಗಳಲ್ಲಿ ಹುರಿಗಟ್ಟುತ್ತಾ ಹೋಗಿ ಕೊನೆಗೆ ಗೇರಿನ ಹಲ್ಲು ಮುರಿಯುತ್ತದೆ. ನಮ್ಮ ನಿಯಮ ಸರಳ: ನಾಲ್ಕು ಟೈರೂ ಒಂದೇ ಸುತ್ತಳತೆಯವು, ಗಾಳಿಯೂ ಸಮ, ಗಟ್ಟಿ ನೆಲದಲ್ಲಿ ಸ್ವಲ್ಪ ದೂರ ಹೋದರೆ ಮಣ್ಣಿನಂಚಿಗೆ ಇಳಿಸಿ ಬಿಗಿ ಬಿಡಿಸಬೇಕು. ಸ್ಟಿಯರಿಂಗ್ ಭಾರವಾಗುತ್ತಿದೆ ಅನ್ನಿಸಿದರೆ ಅದೇ ಎಚ್ಚರಿಕೆ. ಅದನ್ನು ಕೈಯಲ್ಲಿ ಗುರುತಿಸುವ ಚಾಲಕ ಸಿಗುವವರೆಗೆ ಆ ಗಾಡಿ ಒಳಗೇ ಇರಲಿ.

ಜನರ ಸುರಕ್ಷತೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದೇ ಇಲ್ಲ. ಹಳೇ ಡಯಲುಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರಬಹುದು. ಈಗ ಹೊಳೆಯುತ್ತಿಲ್ಲ ಅಂದರೆ ಅಪಾಯ ಹೋಗಿದೆ ಅಂತಲ್ಲ. ಹೊಳೆಯುವ ರಾಸಾಯನಿಕ ಸತ್ತಿದೆ, ರೇಡಿಯಂ ಹಾಗೇ ಇದೆ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಮೀಟರಿನಿಂದ ಅಳೆದು, ಚೀಟಿ ಅಂಟಿಸಿ, ಗಾಜು ಬಿಚ್ಚದೆ ಇಡಬೇಕು. ಜಾಸ್ತಿ ಡಯಲು ಇದ್ದರೆ ಆ ಜಾಗಕ್ಕೆ ಗಾಳಿ ಆಡಬೇಕು. ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಸೈಲೆನ್ಸರಿನ ಸುತ್ತುಪಟ್ಟಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ ಅಂತಲೇ ಹಿಡಿದು ಕೆಲಸ ಮಾಡಿ. ಅದರ ಧೂಳು ಉಸಿರಿಗೆ ಹೋಗಬಾರದು ಅಂತ ಬ್ರೇಕ್ ಡ್ರಮ್ಮಿಗೆ ಕಂಪ್ರೆಸರ್ ಗಾಳಿ ಹೊಡೆಯುವುದು ನಮ್ಮಲ್ಲಿ ನಿಷಿದ್ಧ. ಎರಡು ತುಂಡಿನ ಚಕ್ರಗಳ ಮೇಲೂ ಹದ್ದಿನ ಕಣ್ಣು ಇರಲಿ. ಜೀಪಿನ ಕಾಂಬ್ಯಾಟ್ ವೀಲ್‌ನಲ್ಲಿ ಎರಡು ಅರ್ಧಗಳನ್ನು ಹಿಡಿದಿರುವ ನಟ್ಟುಗಳೂ, ಚಕ್ರವನ್ನು ಹಬ್ಬಿಗೆ ಹಿಡಿದಿರುವ ನಟ್ಟುಗಳೂ ಪಕ್ಕಪಕ್ಕ ಇವೆ. ಗಾಳಿ ತುಂಬಿರುವಾಗ ಮೊದಲನೆಯದನ್ನು ಬಿಚ್ಚಿದರೆ ಚಕ್ರ ಸಿಡಿದು ಆಳು ಸಾಯಬಹುದು. ನಾವು ಅವಕ್ಕೆ ಕೆಂಪು ಬಣ್ಣದ ಚುಕ್ಕೆ ಹಾಕಿದ್ದೇವೆ. ವಾಲ್ವ್ ಪಿನ್ ಪೂರ್ತಿ ತೆಗೆದು ಗಾಳಿ ಹೋದ ಮೇಲೇ ಅವನ್ನು ಮುಟ್ಟುವುದು. ಗಾಳಿ ತುಂಬುವುದು ಕಬ್ಬಿಣದ ಪಂಜರದೊಳಗೆ, ಉದ್ದನೆಯ ಪೈಪು ಹಿಡಿದು, ಪಕ್ಕಕ್ಕೆ ನಿಂತು.

ತೆಗೆದ ಯಾವ ಭಾಗವನ್ನೂ ನಾವು ಗುಜರಿಗೆ ಹಾಕುವುದಿಲ್ಲ. ಸವೆದ ಬೇರಿಂಗ್ ಶೆಲ್ ಆಗಲಿ, ಹರಿದ ಸೀಟಿನ ಕ್ಯಾನ್ವಾಸ್ ಆಗಲಿ, ತಗಡಿನ ಚೀಟಿ ಕಟ್ಟಿ ಪೆಟ್ಟಿಗೆಗೆ ಹೋಗುತ್ತದೆ. ಹೊಸದಾಗಿ ಮಾಡಿಸಿ ಹಾಕಿದ ಭಾಗದ ಮೇಲೆ, ಕಣ್ಣಿಗೆ ಬೀಳದ ಕಡೆ, ವರ್ಷ ಒತ್ತುತ್ತೇವೆ. ಮುಂದೆ ಯಾರಾದರೂ ಬಿಚ್ಚಿದಾಗ ಯಾವುದು ಮೂಲದ್ದು, ಯಾವುದು ನಮ್ಮದು ಅಂತ ತಕ್ಷಣ ತಿಳಿಯಬೇಕು.

ಇದಕ್ಕೆಲ್ಲ ಬೆನ್ನೆಲುಬು ಲಾಗ್‌ಬುಕ್. ಪ್ರತಿ ವಾಹನಕ್ಕೂ ಒಂದು. ಎಷ್ಟು ಹೊತ್ತು ಓಡಿತು, ಆಯಿಲ್ ಒತ್ತಡ ತಣ್ಣಗಿದ್ದಾಗ ಎಷ್ಟು, ಬಿಸಿಯಾದಾಗ ಎಷ್ಟು, ಏನು ಸೋರಿತು, ಯಾರು ಓಡಿಸಿದರು, ಯಾವ ಸದ್ದು ಹೊಸದಾಗಿ ಕೇಳಿಸಿತು, ಎಲ್ಲ ಅದೇ ದಿನ ಬರೆಯಬೇಕು. ಬಿಸಿ ಇಂಜಿನ್ನಿನ ಆಯಿಲ್ ಒತ್ತಡ ಒಂದು ಸೀಸನ್ನಿಂದ ಇನ್ನೊಂದಕ್ಕೆ ನಿಧಾನವಾಗಿ ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ, ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ವರ್ಷದ ಕೊನೆಗೆ ಕ್ಯುರೇಟರ್ ಮತ್ತು ವರ್ಕ್‌ಶಾಪಿನವರು ಒಟ್ಟಿಗೆ ಕೂತು ಆ ಪುಸ್ತಕಗಳನ್ನು ತಿರುವಿ ಹಾಕುತ್ತೇವೆ. ಮುಂದಿನ ವರ್ಷ ಯಾವುದು ಓಡಬೇಕು, ಯಾವುದು ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂತು ವಿಶ್ರಾಂತಿ ತೆಗೆದುಕೊಳ್ಳಬೇಕು ಅಂತ ಅಲ್ಲೇ ನಿಗದಿಯಾಗುತ್ತದೆ. ಕಾರ್ಯಕ್ರಮದ ಪಟ್ಟಿ ತಯಾರಾಗುವುದು ಅದಾದ ಮೇಲೆ.